ಜೊತೆಗಿರುವವರ ಹೆಸರು

ಠಾಕುರ್ಲಿ
ಸೋಮವಾರ, 17 ಫೆಬ್ರವರಿ 2025

ಚಿ. ಸೌ. ಸಂಯುಕ್ತಾಳಿಗೆ ಅಪ್ಪಯ್ಯನ ಆಶೀರ್ವಾದ.

ಅಕ್ಷರ ನೋಡಿ ಗಾಬರಿಯಾಗಬೇಡ. ಇದು ಎಡಗೈ. ಐವತ್ತೆಂಟು ವರ್ಷ ಅದಕ್ಕೆ ಯಾವ ಜವಾಬ್ದಾರಿಯನ್ನೂ ಕೊಟ್ಟವನಲ್ಲ ನಾನು. ಈಗ ಏಕಾಏಕಿ ಕಾರಕೂನಿಕೆಗೆ ಕೂರಿಸಿದರೆ ಸೇಡು ತೀರಿಸಿಕೊಳ್ಳದೆ ಬಿಡುತ್ತದೆಯೇ? ದಿನಕ್ಕೊಂದು ಪುಟ ಬರೆಯಬೇಕೆಂದು ಅಪರ್ಣಾಳ ಆಜ್ಞೆ. ಠಾಣೆ ಊರಿನ ಕ್ಲಿನಿಕ್ಕಿನಲ್ಲಿ ನನ್ನ ಕೈಗೆ ಕಸರತ್ತು ಮಾಡಿಸುವ ಧಾರವಾಡದ ಹುಡುಗಿ, ನೀನೂ ಒಮ್ಮೆ ನೋಡಿದ್ದೀ. "ಬಲಗೈ ಸುಮ್ನ ಕುಂತದ ಅಂತ ನೀವೂ ಸುಮ್ನ ಕೂಡಬ್ಯಾಡ್ರಿ ಕಾಕಾ. ಯಾರಿಗರೆ ಪತ್ರಾ ಬರೀರಿ" ಅಂದಳು. ಯಾರಿಗೆ ಎಂದು ಲೆಕ್ಕ ಹಾಕಿದೆ. ಸಿಕ್ಕಿದ್ದು ಒಂದೇ ವಿಳಾಸ, ಅದೂ ಐದು ದಿನದ ಹಿಂದೆ ಇಂದೋರಿಗೆ ಹೋದದ್ದು.

ದಯಾನಂದ ಹೋಟೆಲಿನ ಅಡುಗೆಮನೆ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾನೆ. ಸುವರ್ಣಗಡ್ಡೆ ಹೆಚ್ಚುವುದು ಹೇಗೆಂದು ಅವನಿಗೆ ಪಾಠ ಹೇಳಲು ಹೋಗಿ ಮಾಲೀಕನೇ ಎರಡು ಬೆರಳಿನ ಒಳಗಿನ ಹುರಿ, ಅದೇ ಟೆಂಡನ್, ಕೊಯ್ದುಕೊಂಡದ್ದು ಈಗ ಇಡೀ ಡೊಂಬಿವಲಿಗೆ ಗೊತ್ತಾಗಿದೆ. ಒಳಗೆ ಬಂದವರೆಲ್ಲ ಮೊದಲು ನನ್ನ ಕೈ ನೋಡುತ್ತಾರೆ, ಆಮೇಲೆ ಮೆನು ನೋಡಿ ಗಡ್ಡೆಯ ಪಲ್ಯ ಇದೆಯಾ ಎಂದು ಕೇಳುತ್ತಾರೆ.

ಬೆರಳು ಅಲುಗದಂತೆ ಕಟ್ಟಿದ ಸ್ಪ್ಲಿಂಟ್ ಇನ್ನೊಂದು ವಾರ. ನೀನಿದ್ದಾಗ ಬೆಳಿಗ್ಗೆ ಅದರೊಳಗಿನ ಬಟ್ಟೆ ಬದಲಿಸಿ ಮೂರು ಪಟ್ಟಿ ಕಟ್ಟಿ ಕೊಡುತ್ತಿದ್ದೆ. ಮೊದಲ ಎರಡು ಈಗ ನಾನೇ ಕಟ್ಟುತ್ತೇನೆ. ಮೂರನೆಯದಕ್ಕೆ ಒಬ್ಬರು ಸ್ಪ್ಲಿಂಟ್ ಜಾರದಂತೆ ಹಿಡಿಯಬೇಕು, ಇನ್ನೊಬ್ಬರು ಎಳೆಯಬೇಕು. ಎಡಗೈ ಹಿಡಿಯುತ್ತದೆ, ಹಲ್ಲು ಎಳೆಯುತ್ತದೆ. ಹಲ್ಲು ಗಟ್ಟಿಯಿದೆ, ಚಿಂತೆಯಿಲ್ಲ.

ನಿನ್ನ ಮದುವೆಗೆಂದು ಅಪರ್ಣಾ ಒಂದು ವಾರ ರಜೆ ಕೊಟ್ಟಿದ್ದಳು. ನಾಳೆ ಹೋಗುತ್ತೇನೆ.

ಉತ್ತರ ಕಾಗದದಲ್ಲೇ ಬರಲಿ. ಫೋನಿನಲ್ಲಿ ನೀನು ಹೇಗಿದ್ದೀರಿ ಅನ್ನುತ್ತೀ, ನಾನು ಚೆನ್ನಾಗಿದ್ದೇನೆ ಅನ್ನುತ್ತೇನೆ, ಒಂದು ನಿಮಿಷದಲ್ಲಿ ಇಬ್ಬರ ಕೆಲಸವೂ ಮುಗಿದುಹೋಗುತ್ತದೆ.

ಅಳಿಯ ದೇವರಿಗೆ ನನ್ನ ನೆನಪು ಹೇಳು.

ನಿನ್ನ ಅಪ್ಪಯ್ಯ,
ಮುರಾರಿ

*

ಇಂದೋರ್
27 ಫೆಬ್ರವರಿ 2025

ಅಪ್ಪಯ್ಯನಿಗೆ ನಮಸ್ಕಾರ.

ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದ ಮೇಲೆ ಕೈಯಲ್ಲಿ ಕನ್ನಡ ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ನಗಬೇಡಿ. ನಿಮ್ಮ ಎಡಗೈ ಮತ್ತು ನನ್ನ ಕನ್ನಡ, ಎರಡೂ ಎಕದಮ್ ಸೇಮ್ ಕಂಡೀಷನ್.

ನಾನಿಲ್ಲಿ ಮಸ್ತ್ ಇದ್ದೇನೆ, ಸ್ನೇಹಿತರೂ ಆಗಿದ್ದಾರೆ. ಮನೆ ದೊಡ್ಡದು. ಸೃಜನ್‌ಗೆ ಬ್ಯಾಂಕಿನ ಹೊಸ ಪೋಸ್ಟಿಂಗ್ ಅಲ್ವಾ, ಸ್ವಲ್ಪ ಟೂರ್ ಇರುತ್ತದೆ. ಬೆಳಿಗ್ಗೆ ಪೋಹಾ ಜಲೇಬಿ ಒಟ್ಟಿಗೆ ತಿನ್ನುತ್ತಾರೆ ಇಲ್ಲಿನವರು. ನೀವು ನೋಡಿದ್ದರೆ ಪ್ಲೇಟ್ ವಾಪಸ್ ಕಳಿಸುತ್ತಿದ್ದಿರಿ.

ಒಂದು ಮಾತು ಫೋನಿನಲ್ಲಿ ಹೇಳಲು ಆಗಿರಲಿಲ್ಲ. ಕಾಗದದಲ್ಲಿ ಮುಖ ಕಾಣುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಅಮ್ಮ ಹೋದಾಗ ನೀವು ಅಳಲಿಲ್ಲ. ಹದಿನಾಲ್ಕನೇ ದಿನ ಹೋಟೆಲ್ ಬಾಗಿಲು ತೆಗೆದಿರಿ. ನನಗೆ ಹತ್ತೊಂಬತ್ತು. ಈ ಮನುಷ್ಯನಿಗೆ ಏನೂ ಆಗುವುದೇ ಇಲ್ಲ ಅಂದುಕೊಂಡೆ. ಸಾರಿ, ಆದರೆ ಎಂಟು ವರ್ಷ ಹಾಗೇ ಅಂದುಕೊಂಡಿದ್ದೆ.

ಧಾರೆಯ ಹೊತ್ತಿಗೆ ನೀವು ಗಿಂಡಿ ಬಗ್ಗಿಸಿದಾಗ ನಿಮ್ಮ ಕಣ್ಣಲ್ಲಿ ನೀರು ಬಂತು. ಕೆನ್ನೆಗೆ ಇಳಿಯಿತು, ನೀವು ಒರೆಸಿಕೊಳ್ಳಲೂ ಇಲ್ಲ. ನಾನು ತಲೆ ಬಗ್ಗಿಸಿಕೊಂಡೇ ನೋಡಿದೆ. ಗಣಪತಿ ಚಿಕ್ಕಪ್ಪನೂ ನೋಡಿ, "ಅಂತೂ ನಮ್ಮಣ್ಣನ ಕಣ್ಣಲ್ಲೂ ನೀರಿತ್ತು ಮಾರಾಯ್ತಿ" ಎಂದು ಚಿಕ್ಕಮ್ಮನಿಗೆ ಹೇಳಿದರು.

ಇಲ್ಲಿ ಒಬ್ಬಳೇ ಕೂತಾಗ ಅದನ್ನೇ ನೆನಪು ಮಾಡಿಕೊಳ್ಳುತ್ತೇನೆ. ನಾನು ಊರಿನಿಂದ ತಂದದ್ದರಲ್ಲಿ ಅದೇ ಒಳ್ಳೆಯದು. ಸೀರೆಗಳಿಗಿಂತ.

ಸಂಯು

*

ಠಾಕುರ್ಲಿ
4 ಮಾರ್ಚ್ 2025

ಮಗಾ,

ನಿನ್ನ ಕಾಗದ ಮೂರು ಸಲ ಓದಿದೆ. ಆದದ್ದನ್ನು ಆದ ಹಾಗೆ ಬರೆದುಬಿಡುತ್ತೇನೆ.

ಧಾರೆ ಎರೆಯುವುದನ್ನು ಗಣಪತಿ ದಂಪತಿಗೆ ಬಿಡಬಹುದಿತ್ತು. ಹೆಂಡತಿ ಇಲ್ಲದವನು, ಮೇಲಾಗಿ ಕೈ ಹೀಗೆ. ಯಾರೂ ಬೇಡ ಅನ್ನುತ್ತಿರಲಿಲ್ಲ. ಬಿಡಲಿಲ್ಲ. ನಿನ್ನ ಶಾಲೆಯ ಒಂದು ಸಮಾರಂಭಕ್ಕೆ ಬಂದವನಲ್ಲ, ನಿನ್ನ ಹತ್ತನೆಯ ರಿಸಲ್ಟನ್ನು ಗಿರಾಕಿಯೊಬ್ಬರ ಬಾಯಲ್ಲಿ ಕೇಳಿದವನು. ಇದೊಂದನ್ನಾದರೂ ಕೈಯಾರೆ ಮಾಡಬೇಕು ಅನ್ನಿಸಿತು. ಪುರೋಹಿತರು, "ಸ್ಪ್ಲಿಂಟ್ ಇರ್ಲಿ, ಎಡಗೈಯಲ್ಲಿ ಎರೆದು ಬಲಗೈ ಮುಟ್ಟಿಸಿದ್ರೆ ಸಾಕು" ಅಂದಿದ್ದರು. ನನಗೆ ಸರಿಬರಲಿಲ್ಲ. ಮೂವತ್ತು ವರ್ಷ ಹೋಟೆಲಿನಲ್ಲಿ ಯಾರ ಎಲೆಗೂ ಎಡಗೈಯಲ್ಲಿ ಬಡಿಸಿದವನಲ್ಲ, ಮಗಳನ್ನು ಎಡಗೈಯಲ್ಲಿ ಕೊಡುವುದೆ? ಹಾಲ್‌ನ ಬಚ್ಚಲಿಗೆ ಹೋಗಿ ಮೂರೂ ಪಟ್ಟಿ ಬಿಚ್ಚಿ ಸ್ಪ್ಲಿಂಟನ್ನು ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಬಂದೆ. ಹೊಲಿಗೆ ಹಾಕಿ ನಾಲ್ಕೇ ವಾರವಾಗಿತ್ತು. ಆರು ವಾರ ಒಂದು ಲೋಟವನ್ನೂ ಎತ್ತಕೂಡದು ಎಂದಿದ್ದಳು ಅಪರ್ಣಾ. ತುಂಬಿದ ಕಂಚಿನ ಗಿಂಡಿಯ ಕುತ್ತಿಗೆ ಹಿಡಿದು ಬಗ್ಗಿಸುವಾಗ ಅಂಗೈಯೊಳಗೆ ಟಪ್ ಅಂದಿತು. ಉಂಗುರ ಬೆರಳು ಗಿಂಡಿ ಬಿಟ್ಟು ನೆಟ್ಟಗೆ ನಿಂತಿತು. ಕಣ್ಣಲ್ಲಿ ನೀರು ಬಂದದ್ದು ಆಗ.

ಮಗಾ, ಅದು ನೋವಿಗೆ ಬಂದದ್ದು. ಇರಬೇಕು. ನಾನು ಅಳುವ ಜಾತಿಯವನಲ್ಲ ಎಂದು ನೀನೇ ಬರೆದಿದ್ದೀ.

ಅವತ್ತೇ ಹೇಳಿದ್ದರೆ ನೀನು ಇಂದೋರಿನ ರೈಲು ಹತ್ತುತ್ತಿರಲಿಲ್ಲ. ನೀನು ಹೋದ ಮೇಲಿನ ಶುಕ್ರವಾರ, ರಜೆ ಮುಗಿದಿದ್ದರೂ, ಹೆದರಿಕೊಂಡು ಕ್ಲಿನಿಕ್ಕಿಗೆ ಹೋಗಲಿಲ್ಲ. ಮಂಗಳವಾರ ಅಪರ್ಣಾ ಪಟ್ಟಿ ಬಿಚ್ಚಿ ನೋಡಿದಳು, ಕುರ್ಚಿ ಹಿಂದಕ್ಕೆ ತಳ್ಳಿ ಡಾಕ್ಟರನ್ನು ಕರೆದುಕೊಂಡು ಬಂದಳು. ಎರಡು ದಿನದಲ್ಲೇ ಬಂದಿದ್ದರೆ ಅದನ್ನೇ ಮತ್ತೆ ಹೊಲಿಯಬಹುದಿತ್ತಂತೆ. ಈಗ ತುದಿ ಅಂಗೈಯೊಳಕ್ಕೆ ಸರಿದುಹೋಗಿದೆ. ಇನ್ನು ಮುಂಗೈಯಿಂದ ಬೇರೆ ಹುರಿ ತೆಗೆದು ಕಸಿ ಮಾಡಬೇಕು, ಆಮೇಲೆ ಮೂರು ತಿಂಗಳ ವ್ಯಾಯಾಮ. ಆಸ್ಪತ್ರೆಯ ಫಾರಂ ಕೊಟ್ಟರು. ಅದರಲ್ಲೊಂದು ಸಾಲು: ಮನೆಯಲ್ಲಿ ಜೊತೆಗಿರುವವರ ಹೆಸರು. ಅಲ್ಲಿವರೆಗೆ ತುಂಬಿ, ಪೆನ್ನು ಮುಚ್ಚಿ, ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ಇದನ್ನು ನಿನಗೆ ಹೇಳಿದರೆ ನೀನು ಬರುತ್ತೀ. ಆದರೆ ಇದನ್ನು ಹೇಳಿದರೆ, ಸೀರೆಗಿಂತ ಒಳ್ಳೆಯದು ಅಂದೆಯಲ್ಲ, ಅದನ್ನು ಕಿತ್ತುಕೊಂಡ ಹಾಗೂ ಆಗುತ್ತದೆ. ನಿನಗೆ ನಾನು ಕೊಟ್ಟದ್ದು ಅದೊಂದೇ ಅಂತ ಆದ ಮೇಲೆ ವಾಪಸು ಕೇಳುವುದು ಹೇಗೆ.

ಈ ಕಾಗದ ಅಂಚೆಗೆ ಹೋಗುವುದಿಲ್ಲ. ದಿನದ ಪುಟದ ಲೆಕ್ಕಕ್ಕೆ ಆಯಿತು.

*

ಠಾಕುರ್ಲಿ
5 ಮಾರ್ಚ್ 2025

ಚಿ. ಸೌ. ಸಂಯುಕ್ತಾಳಿಗೆ ಆಶೀರ್ವಾದ.

ನೋಡಿದೆಯಾ? ಬಲಗೈ. ಸ್ಪ್ಲಿಂಟ್ ಕಳಚಿ ಒಂದು ವಾರವಾಯಿತು. ಅಕ್ಷರ ಇನ್ನೂ ಸ್ವಲ್ಪ ಓಲಾಡುತ್ತದೆ, ಆದರೆ ಯಾರದ್ದೆಂದು ಗುರುತು ಸಿಗುತ್ತದೆ.

ಅಪರ್ಣಾಳ ಹತ್ತಿರ ಪ್ಲಾಸ್ಟಿಕ್ಕಿನ ಒಂದು ಪಟ್ಟಿ ಇದೆ, ನಿನ್ನ ಕಂಪಾಸು ಡಬ್ಬಿಯಲ್ಲಿದ್ದ ಕೋನಮಾಪಕಕ್ಕೆ ಎರಡು ಕಾಲು ಬಂದ ಹಾಗೆ. ಅದನ್ನು ಬೆರಳಿನ ಗಂಟಿನ ಮೇಲಿಟ್ಟು ಎಷ್ಟು ಡಿಗ್ರಿ ಮಡಚುತ್ತದೆ ಎಂದು ಅಳೆದು ಪುಸ್ತಕದಲ್ಲಿ ಬರೆಯುತ್ತಾಳೆ. ನಾನೂ ಒಂದು ಪ್ರತಿ ಇಟ್ಟಿದ್ದೇನೆ. ಮಧ್ಯದ ಬೆರಳು 40. ಉಂಗುರ ಬೆರಳು 35.

ಕ್ಲಿನಿಕ್ಕಿನಲ್ಲಿ ಕೊಡುವ ರಬ್ಬರಿನ ಉಂಡೆ ಹಿಚುಕುವ ಬದಲು ಚಪಾತಿ ಹಿಟ್ಟು ಹಿಚುಕಬಹುದಂತೆ. ಹೆದರಬೇಡ, ಆ ಹಿಟ್ಟು ಗಿರಾಕಿಗಳಿಗೆ ಹೋಗುವುದಿಲ್ಲ. ಬೆರಳ ತುದಿಯಲ್ಲಿ ಕಾಳು ಹೆಕ್ಕುವ ಅಭ್ಯಾಸವೂ ಇದೆ. ದಯಾನಂದ ಬಿಟ್ಟಾನೆಯೇ? "ಒಂದ್ ಕಿಲೋ ಬೇಳೆ ಕೊಡ್ತೆ ಮರಾಯ್ರೆ, ಹೆಕ್ಕಿ ಕೊಡಿ. ನಿಮ್ಗೆ ಕಸರತ್ತೂ ಆಯ್ತ್, ನಂಗೆ ಕೆಲ್ಸವೂ ಆಯ್ತ್" ಅನ್ನುತ್ತಾನೆ. ಸಂಬಳ ಕೊಡುವವನ ಹತ್ತಿರವೇ ಕೆಲಸ ತೆಗೆಯುವ ಮನುಷ್ಯ. ಮುಂದೆ ಬರುತ್ತಾನೆ.

ಧಾರೆಯ ಮಾತು ಬರೆದಿದ್ದೀ. ಓದಿದೆ.

ನಿನ್ನ ಅಪ್ಪಯ್ಯ

*

ಇಂದೋರ್
1 ಏಪ್ರಿಲ್ 2025

ಅಪ್ಪಯ್ಯ,

ನಿಮ್ಮ ಅಕ್ಷರ! ಮೊದಲಿನ ಕಾಗದ ಮತ್ತು ಇದನ್ನು ಫ್ರಿಜ್ ಮೇಲೆ ಪಕ್ಕಪಕ್ಕ ಅಂಟಿಸಿದ್ದೇನೆ. ಬಿಫೋರ್, ಆಫ್ಟರ್. ಪಕ್ಕದ ಮನೆಯ ಆಂಟಿ ನೋಡಿ, "ಬಡಾ ಅಚ್ಛಾ ರಿಕವರ್ ಕಿಯಾ" ಅಂದರು, ಅವರಿಗೆ ಒಂದಕ್ಷರ ಕನ್ನಡ ಬರದಿದ್ದರೂ.

ಧಾರೆಯ ಬಗ್ಗೆ ನೀವು ಓದಿದೆ ಅಂತಷ್ಟೇ ಬರೆದಿರಿ. ನಿಮಗೆ ಮುಜುಗರವಾಗಿರಬೇಕು. ಇನ್ನು ಕೇಳುವುದಿಲ್ಲ.

ಯುಗಾದಿಗೆ ಒಬ್ಬಳೇ ಹೋಳಿಗೆ ಮಾಡಿದೆ. ಸೃಜನ್ ಟೂರ್‌ನಲ್ಲಿದ್ದರು. ನಾಲ್ಕು ಮಾಡಿ ನಾಲ್ಕೂ ನಾನೇ ತಿಂದೆ. ಕೆಲಸಕ್ಕೆ ಎರಡು ಕಡೆ ಅಪ್ಲೈ ಮಾಡಿದ್ದೇನೆ, ಟೆನ್ಶನ್ ಏನಿಲ್ಲ.

ಮೇ ಮೊದಲ ವಾರ ಬರಲಾ? ಎರಡು ದಿನ. ನಿಮ್ಮ ಕೈಯಿಂದ ಕಾಫಿ ಮಾಡಿಸಿಕೊಂಡು ಕುಡಿಯಬೇಕು, ಲೋಟದಿಂದ ಬಟ್ಟಲಿಗೆ ಎತ್ತರದಿಂದ ಹೊಯ್ಯುತ್ತೀರಲ್ಲ, ಹಾಗೆ. ಉಂಗುರ ಬೆರಳು ಈಗ ಎಷ್ಟು ಡಿಗ್ರಿ?

ಸಂಯು

*

ಠಾಕುರ್ಲಿ
20 ಏಪ್ರಿಲ್ 2025

ಚಿ. ಸೌ. ಸಂಯುಕ್ತಾಳಿಗೆ ಆಶೀರ್ವಾದ.

ಮಧ್ಯದ ಬೆರಳು 75. ಉಂಗುರ ಬೆರಳು 70.

ಮೇ ತಿಂಗಳಲ್ಲಿ ಬರಬೇಡ. ಬಿಸಿಲು ವಿಪರೀತ, ಮೇಲಾಗಿ ಹೋಟೆಲಿಗೆ ಬಣ್ಣ ಹೊಡೆಸುತ್ತಿದ್ದೇನೆ, ಮನೆ ತುಂಬ ಹೋಟೆಲಿನ ಸಾಮಾನು. ನಿನಗೆ ಕೂರಲೂ ಜಾಗವಿರುವುದಿಲ್ಲ. ಅಲ್ಲಿ ಹೊಸ ಸ್ನೇಹಿತರು, ದೊಡ್ಡ ಮನೆ, ಪಕ್ಕದ ಆಂಟಿ, ಎಲ್ಲ ಇರುವಾಗ ಇಲ್ಲಿ ಬಂದು ಬಣ್ಣದ ವಾಸನೆ ಕುಡಿಯುವುದೇಕೆ?

ಸ್ಪ್ಲಿಂಟ್ ಇದ್ದಾಗ ಠಾಣೆಗೆ ಲೋಕಲ್ ರೈಲಿನ ಅಪಂಗರ (ಅಂಗವಿಕಲರ) ಡಬ್ಬಿಯಲ್ಲಿ ಹೋಗುತ್ತಿದ್ದೆ. ಅಲ್ಲಿ ಒಳ್ಳೆಯ ಮರ್ಯಾದೆ, ಎಲ್ಲರೂ ಎಷ್ಟು ಹೊಲಿಗೆ ಎಂದು ವಿಚಾರಿಸುತ್ತಿದ್ದರು. ಈಗ ಸಾಮಾನ್ಯ ಡಬ್ಬಿ. ಮೇಲಿನ ಹಿಡಿ ಹಿಡಿದು ನಿಂತು ಹೋಗುತ್ತೇನೆ, ಇಪ್ಪತ್ತೈದರ ಹುಡುಗನ ಹಾಗೆ. ನನಗೆ ಯಾರ ಸಹಾಯವೂ ಬೇಕಾಗಿಲ್ಲ.

ಫೋನಿನ ಕ್ಯಾಮೆರಾ ಹಾಳಾಗಿದೆ, ವಿಡಿಯೋ ಕಾಲ್ ಮಾಡಬೇಡ.

ನಿನ್ನ ಅಪ್ಪಯ್ಯ

*

ಇಂದೋರ್
18 ಮೇ 2025

ಅಪ್ಪಯ್ಯ,

ಮದುವೆಯ ವಿಡಿಯೋ ಮೊನ್ನೆ ಬಂತು. ಮೂರು ಗಂಟೆಯದ್ದು. ಸೃಜನ್ ಮತ್ತೆ ಟೂರ್‌ನಲ್ಲಿದ್ದಾರೆ. ನಾನು ನೇರ ಧಾರೆಗೆ ಓಡಿಸಿದೆ. ನಿಮ್ಮ ಕಣ್ಣೀರು ನೋಡಲು. ಅದಕ್ಕೇ, ಮತ್ತೇನಕ್ಕೂ ಅಲ್ಲ.

ಸ್ಪ್ಲಿಂಟ್ ಇರಲಿಲ್ಲ. ಅವತ್ತು ಹೂವಿನ ಮರೆಯಲ್ಲಿ ನಿಮ್ಮ ಕೈ ನನಗೆ ಕಂಡೇ ಇರಲಿಲ್ಲ. ಬಲಗೈಯಲ್ಲಿ ಗಿಂಡಿ, ಎಡಗೈ ಅದರ ತಳಕ್ಕೆ. ನಿಧಾನ ಮಾಡಿ ನೋಡಿದೆ. ಮೂರು ಬೆರಳು ಗಿಂಡಿಯ ಮೇಲಿವೆ, ಒಂದು ಇದ್ದಕ್ಕಿದ್ದಂತೆ ನೆಟ್ಟಗಾಯಿತು. ಆಮೇಲೆ ನಿಮ್ಮ ಮುಖ. ಊಟದ ಹೊತ್ತಿಗೆ ಮತ್ತೆ ಸ್ಪ್ಲಿಂಟ್ ಇದೆ. ಪಟ್ಟಿ ತಪ್ಪು ಕಟ್ಟಿದ್ದೀರಿ, ಮೂರನೆಯದು ನೇತಾಡುತ್ತಿದೆ.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಅಪರ್ಣಾ, "ನಿಮ್ಮಪ್ಪಾರನ್ನ ಕೇಳ್ರಿ" ಅಂದರು. ಅಕ್ಷರ ಅಷ್ಟು ಚೆನ್ನಾಗಿದೆಯಲ್ಲ ಅಂದೆ. "ಬರಿಯಾಕ ಮೂರು ಬೆರಳು ಸಾಕ್ರಿ. ಗಟ್ಟಿ ಹಿಡಿಯಾಕ ಕಡೀ ಎರಡೂ ಬೇಕು. ಅದು ಎಲ್ಲಾರ ಕೈಗೂ ಅಷ್ಟ" ಅಂದರು. ಫ್ರಿಜ್ ಮೇಲಿನ ಕಾಗದಗಳನ್ನು ತೆಗೆದುಬಿಟ್ಟೆ.

ಒಂದು ಇಡ್ಲಿ ಲೆಕ್ಕಕ್ಕೆ ತಪ್ಪಿದರೂ ನಿಮಗೆ ಗೊತ್ತಾಗುತ್ತದೆ. ನೀವು ನನಗೆ 35 ಅಂತ ಬರೆದಿರಿ, ಆಮೇಲೆ 70 ಅಂತ ಬರೆದಿರಿ.

ನಾನೂ ಸುಳ್ಳು ಬರೆದಿದ್ದೇನೆ. ನನಗಿಲ್ಲಿ ಸ್ನೇಹಿತರಿಲ್ಲ. ಸೃಜನ್ ತಿಂಗಳಲ್ಲಿ ಹದಿನೈದು ದಿನ ಇರುವುದಿಲ್ಲ. ಒಳ್ಳೆಯವರೇ, ಆದರೆ ಇರುವುದಿಲ್ಲ. ಕೆಲಸ ಎರಡೂ ಕಡೆ ಸಿಗಲಿಲ್ಲ. ಆಂಟಿ ಬಂದದ್ದು ಒಂದೇ ಸಲ, ಮಿಕ್ಸರ್ ಕೇಳಲು.

ಅದು ನೋವಿನ ನೀರು, ಅಲ್ಲವಾ? ನನಗೆ ಬಂದದ್ದಲ್ಲ. ನಿಜ ಹೇಳಿ. ನಾನು ತಡೆದುಕೊಳ್ಳುತ್ತೇನೆ.

ಸಂಯುಕ್ತಾ

*

ಠಾಕುರ್ಲಿ
29 ಮೇ 2025

ಮಗಾ,

ಇದರ ಜೊತೆಗೆ ಮಾರ್ಚ್ ನಾಲ್ಕರ ಕಾಗದವೊಂದಿದೆ. ಬರೆದು ಹಾಕದೆ ಇಟ್ಟದ್ದು. ಮೊದಲು ಅದನ್ನು ಓದು, ಆಮೇಲೆ ಇಲ್ಲಿಗೆ ಬಾ.

ಓದಿದೆಯಾ? ಇನ್ನು ಅಂಕಿ ತಿದ್ದುತ್ತೇನೆ. ಮಧ್ಯದ ಬೆರಳಿನದ್ದು ಎರಡು ಸಲವೂ ನಿಜ. ಉಂಗುರ ಬೆರಳು ತಾನಾಗಿ ಮಡಚುವುದು ಮಾರ್ಚಿನಲ್ಲಿ ಸೊನ್ನೆ, ಏಪ್ರಿಲಿನಲ್ಲಿ ಸೊನ್ನೆ, ನಿನ್ನೆ ಸೊನ್ನೆ. ಎಡಗೈಯಿಂದ ಮಡಚಿದರೆ ಪೂರ್ತಿ ಮಡಚುತ್ತದೆ. ಗಂಟು ಬಿಗಿದುಕೊಂಡರೆ ಮುಂದೆ ಕಸಿ ಮಾಡಿಯೂ ಪ್ರಯೋಜನವಿಲ್ಲವಂತೆ, ಅದಕ್ಕೆ ದಿನಾ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಎಡಗೈಯಿಂದ ಬಲಗೈ ಬೆರಳನ್ನು ನೂರು ಸಲ ಮಡಚಿ ಬಿಡಿಸುತ್ತೇನೆ. ಮಾತಿಲ್ಲ ಕಥೆಯಿಲ್ಲ, ಒಂದು ಕೈ ಇನ್ನೊಂದನ್ನು ನೋಡಲು ಬಂದ ಹಾಗೆ ಇರುತ್ತದೆ.

ಬಣ್ಣ ಹೊಡೆಸಿಲ್ಲ. ಕ್ಯಾಮೆರಾ ಸರಿಯಾಗಿಯೇ ಇದೆ. ಲೋಕಲ್‌ನ ಹಿಡಿಯ ಕಥೆಯೂ ಅಷ್ಟೆ. ಸ್ಪ್ಲಿಂಟ್ ಬಿಚ್ಚಿದ ಮೇಲೆ ಅಪಂಗರ ಡಬ್ಬಿಯಲ್ಲಿ ಊರುಗೋಲಿನವರೊಬ್ಬರು, "ಅಂಕಲ್, ಆಪ್ ಕೋ ಕ್ಯಾ ಹುವಾ ಹೈ?" ಅಂದರು. ಬೆರಳು ತೋರಿಸಿದೆ. ನೆಟ್ಟಗಿರುವ ಬೆರಳನ್ನು ಎಷ್ಟು ಹೊತ್ತು ತೋರಿಸಿದರೂ ನೆಟ್ಟಗೇ ಕಾಣುತ್ತದೆ. ಇಳಿದು ಮುಂದಿನ ಗಾಡಿಯಲ್ಲಿ ಸಾಮಾನ್ಯ ಡಬ್ಬಿ ಹತ್ತಿದೆ. ಕೋಪರ್ ಸ್ಟೇಷನ್ ದಾಟುವಾಗ ಹಿಡಿ ಕೈಯಿಂದ ಜಾರಿತು. ಪಕ್ಕದವರ ಮೇಲೆ ಬಿದ್ದೆ. ಅವರು ಬೈದರು, ಆಮೇಲೆ ಠಾಣೆ ಬರುವವರೆಗೆ ನನ್ನ ಷರ್ಟಿನ ತೋಳು ಹಿಡಿದುಕೊಂಡು ನಿಂತಿದ್ದರು. ಅವರ ಹೆಸರು ಕೇಳಲು ಮರೆತೆ.

ಇನ್ನು ನೀನು ಕೇಳಿದ್ದು.

ಎಂಟು ವರ್ಷ ನೀನು ಏನು ಅಂದುಕೊಂಡಿದ್ದೆಯೋ ನನ್ನ ಬಗ್ಗೆ ನಾನೂ ಅದನ್ನೇ ಅಂದುಕೊಂಡಿದ್ದೆ. ಹಾಗಾಗಿ ಆ ನೀರನ್ನು ಬೆರಳಿನ ಬಾಬತ್ತಿಗೆ ಹಾಕಿ ಸುಮ್ಮನಿದ್ದೆ. ನಿನ್ನ ಕಾಗದ ಬಂದ ಮೇಲಿನ ಮಂಗಳವಾರ ಅಪರ್ಣಾಳನ್ನು ಕೇಳಿದೆ, ಹುರಿ ಹರಿದಾಗ ಎಷ್ಟು ನೋವಾಗುತ್ತದೆ ಎಂದು.

"ನೋವೇನ್ ಅಷ್ಟ್ ಆಗಂಗಿಲ್ರಿ ಕಾಕಾ. ಟಪ್ ಅಂತದ, ಅಷ್ಟ. ಭಾಳ ಮಂದಿಗೆ ಗೊತ್ತಾಗಂಗೂ ಇಲ್ಲ."

"ನನಗೆ ಕಣ್ಣಲ್ಲಿ ನೀರು ಬಂತಲ್ಲಮ್ಮ."

ಅವಳು ಪಟ್ಟಿ ಇಟ್ಟು ಅಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ಅದು ಕೈಯಾಗಿಂದಲ್ರಿ. ಅದಕ್ಕ ನಾ ಏನೂ ಮಾಡಾಕ ಬರಂಗಿಲ್ಲ" ಅಂದಳು.

ಮನೆಗೆ ಬಂದು ಅವತ್ತಿನದ್ದನ್ನು ಮತ್ತೆ ನೆನಪು ಮಾಡಿಕೊಂಡೆ. ಅವಳು ಹೇಳಿದ್ದು ಸರಿ. ಟಪ್ ಅಂದದ್ದು ನೆನಪಿದೆ, ಬೆರಳು ನಿಂತದ್ದು ನೆನಪಿದೆ, ನೋವು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದು ಬೇರೆ. ನೀನು ತಲೆ ಬಗ್ಗಿಸಿದ್ದೆ. ಬೈತಲೆಯ ಹತ್ತಿರ ಒಂದು ಕೂದಲು ಹೂವಿಗೆ ಸಿಕ್ಕಿಕೊಂಡು ಎದ್ದು ನಿಂತಿತ್ತು. ನಿನ್ನ ಅಮ್ಮ ವೇದಾವತಿ ಇದ್ದಿದ್ದರೆ ನೀರು ಹಚ್ಚಿ ಕೂರಿಸುತ್ತಿದ್ದಳು. ನನ್ನ ಎರಡೂ ಕೈ ಗಿಂಡಿಯ ಮೇಲೆ. ಅಷ್ಟೇ ಯೋಚಿಸಿದ್ದು. ಅವಳು ಹೋದ ಮೇಲೆ ಆ ಮನೆಯಲ್ಲಿ ನೀನಿದ್ದೆ ಎಂಬ ಧೈರ್ಯದ ಮೇಲೆ ನಾನು ಹದಿನಾಲ್ಕನೇ ದಿನ ಬಾಗಿಲು ತೆಗೆದದ್ದು. ನಿನಗೆ ಯಾರಿದ್ದರು ಎಂದು ಕೇಳಿರಲಿಲ್ಲ.

ನೀನು ಫೆಬ್ರವರಿಯಲ್ಲಿ ಬರೆದದ್ದೇ ಸರಿ. ಅದನ್ನು ನೀನೇ ಇಟ್ಟುಕೋ. ತಪ್ಪು ಓದಿದವನು ನಾನು.

ಆಪರೇಷನ್ ಜೂನ್ ಹದಿನೇಳು, ಮಂಗಳವಾರ. ಆರು ವಾರ ಮತ್ತೆ ಸ್ಪ್ಲಿಂಟ್. ಈ ಸಲ ಹಲ್ಲು ಕೂಡದು ಎಂದಿದ್ದಾಳೆ ಅಪರ್ಣಾ. ಒಂದು ತಪ್ಪು ಎಳೆತಕ್ಕೆ ಕಸಿ ಕಿತ್ತುಬಂದರೆ ಇನ್ನೊಂದು ಸಲ ಇಲ್ಲ. ಹಿಡಿಯಲು ಒಬ್ಬರು ಬೇಕು. ಇಂದೋರಿನಿಂದ ಪುಣೆಗೆ ಹೋಗುವ ಗಾಡಿ ಇಲ್ಲಿಂದ ಒಂದೇ ಸ್ಟೇಷನ್ ಆಚೆಯ ಕಲ್ಯಾಣದಲ್ಲಿ ನಿಲ್ಲುತ್ತದೆ.

ಫಾರಂ ನಿನ್ನೆ ತುಂಬಿ ಕೊಟ್ಟೆ. ಜೊತೆಗಿರುವವರ ಹೆಸರು ಎಂಬಲ್ಲಿ ನಿನ್ನ ಹೆಸರು ಬರೆದಿದ್ದೇನೆ. ನಿನ್ನನ್ನು ಕೇಳಿರಲಿಲ್ಲ. ಅದಕ್ಕೆ ಆ ಸಾಲು ಮಾತ್ರ ಪೆನ್ಸಿಲಿನಲ್ಲಿದೆ.

ನಿನ್ನ ಅಪ್ಪಯ್ಯ